ಬೈಲುಕೋಟೆಯ ಕಳ್ಳತೂಬು

ಬೆಳಗಿನ ಹೊತ್ತು ಬಾವಿಯ ಮೆಟ್ಟಿಲುಗಳ ಪಾಚಿ ಉಜ್ಜುವುದು ಅಂಜಿನಯ್ಯನ ಕೆಲಸ. ತೆಂಗಿನ ನಾರಿನ ಉಂಡೆಯನ್ನು ಕಾಲಿನಡಿ ಹಾಕಿಕೊಂಡು, ಗೋಡೆಗೆ ಒಂದು ಕೈ ಆನಿಸಿ, ಮೇಲಿನಿಂದ ಒಂದೊಂದೇ ಮೆಟ್ಟಿಲು ಉಜ್ಜುತ್ತ ಇಳಿಯುತ್ತಿದ್ದ. 1974ರ ಆಷಾಢ. ಹಿಂದಿನ ವಾರ ಮಳೆ ಚೆನ್ನಾಗಿ ಬಿದ್ದಿತ್ತು. ಬಾವಿಯ ನೀರು ಏರಿತ್ತು.

ನೀರಿನ ಅಂಚಿನ ಮೆಟ್ಟಿಲಿಗೆ ಬಂದಾಗ ಅವನ ಕಾಲು ನಿಂತಿತು. ಈಶಾನ್ಯ ಮೂಲೆಯ ಕಲ್ಲುಸಂದಿಯಿಂದ ಸಣ್ಣ ಗುಳ್ಳೆಗಳು ಎದ್ದು ಗೋಡೆಯುದ್ದಕ್ಕೂ ಬಿಳಿ ಎಳೆಯಂತೆ ನಿಂತಿದ್ದವು. ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಮೂಸಿದ. ಮೈಸೋಪಿನ ವಾಸನೆ.

"ಏನಂಜಿನಣ್ಣ, ನೀರಿಗೆ ಮುತ್ತು ಕೊಡ್ತಿದೀಯಾ? ಮನೇಲಿ ಮುನಿತಾಯಕ್ಕಂಗೆ ಹೇಳ್ಬುಡ್ಲಾ?" ಎಂದಳು ಮೇಲೆ ಕೊಡ ಹಿಡಿದು ನಿಂತಿದ್ದ ನೆರೆಮನೆಯ ಅಂಜನಮ್ಮ. ಜೊತೆಯಲ್ಲಿದ್ದ ಹೆಂಗಸರು ನಕ್ಕರು. ಅವರ ಹಿಂದೆ ಅಂಜಿನಯ್ಯನ ಒಬ್ಬಳೇ ಮಗಳು ಪುಟ್ಟಲಕ್ಷ್ಮಿ ಬರುತ್ತಿದ್ದಳು. ಕೆಂಗೇರಿಗೆ ಕೊಟ್ಟ ಹುಡುಗಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ತಿಂಗಳಾಗಿತ್ತು. ಸೊಂಟದ ಮೇಲೆ ಬಿಂದಿಗೆ ನಿಲ್ಲದಷ್ಟು ಹೊಟ್ಟೆ ಮುಂದೆ ಬಂದಿತ್ತು.

"ಪುಟ್ಟೀ, ಇವತ್ತು ಇಲ್ಲಿ ನೀರು ಬೇಡ ಕಣವ್ವ."

"ಯಾಕಪ್ಪ?"

"ಯಾಕೂ ಇಲ್ಲ. ಕಲಕೈತೆ."

"ಎಲ್ಲಿ ಕಲಕೈತೆ? ತಳ ಕಾಣ್ತಾ ಐತಲ್ಲ."

ನಿಜ, ತಳ ಕಾಣುತ್ತಿತ್ತು. ಆ ಬಾವಿಯ ನೀರು ಯಾವ ಮಳೆಗಾಲದಲ್ಲೂ ಕೆಂಪಾದದ್ದಿಲ್ಲ. ಮಗಳು ಅವನನ್ನು ದಾಟಿ ಇಳಿದು, ಬಿಂದಿಗೆ ತುಂಬಿಕೊಂಡು, ಅಲ್ಲೇ ಒಂದು ಬೊಗಸೆ ಕುಡಿದು ಮೇಲೆ ಹೋದಳು.

ಬೈಲುಕೋಟೆ ಬೆಟ್ಟದ ಕೋಟೆಯಲ್ಲ. ಮಾಗಡಿ ರಸ್ತೆ ಬಿಟ್ಟು ನಾಗರಬಾವಿಯ ಕಡೆ ತಿರುಗಿದರೆ, ಹೊಲಗಳ ನಡುವೆ, ಬಂಡೆಯ ಆಸರೆಯೇನೂ ಇಲ್ಲದ ಬಯಲಿನಲ್ಲಿ ಯಾರೋ ಪಾಳೆಯಗಾರ ಅದನ್ನು ಕಟ್ಟಿಸಿದ್ದ. ಅವನ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಬ್ಬಾಗಿಲಿನ ಶಾಸನದ ಕಲ್ಲಿಗೆ ತಲೆಮಾರುಗಳಿಂದ ಕುಡುಗೋಲು ಮಸೆದು ಜನ ಅಕ್ಷರಗಳನ್ನು ಸವೆಸಿದ್ದರು. ಬಯಲಿನಲ್ಲಿ ಕೋಟೆ ಕಟ್ಟುವವನಿಗೆ ಕಂದಕವೇ ಬೆಟ್ಟ. ಸುತ್ತ ಅಗೆದು ತೆಗೆದ ಮಣ್ಣನ್ನೇ ಒಳಮಗ್ಗುಲಿಗೆ ಸುರಿದು, ನೀರು ಚಿಮುಕಿಸಿ, ಎತ್ತುಗಳಿಂದ ತುಳಿಸಿ, ಹೊರಮೈಗೆ ಕಲ್ಲು ಹೊದಿಸಿ ಗೋಡೆ ಎಬ್ಬಿಸಿದ್ದರು. ನಾಲ್ಕು ಮೂಲೆಗೆ ನಾಲ್ಕು ದುಂಡನೆಯ ಕೊತ್ತಲ. ಹೆಬ್ಬಾಗಿಲು ನೇರವಾಗಿ ಒಳಗೆ ಬಿಡುವುದಿಲ್ಲ. ಒಮ್ಮೆ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ ತಿರುಗಿಸಿಯೇ ಬಿಡುತ್ತದೆ. ಶತ್ರುವಿನ ಆನೆ ಓಡಿಬಂದು ಕದಕ್ಕೆ ಹಾಯದಿರಲಿ ಎಂದು ಇಟ್ಟ ತಿರುವು ಅದು. ಎಪ್ಪತ್ತರ ದಶಕದಲ್ಲಿ ಅಲ್ಲಿ ಹುಲ್ಲಿನ ಗಾಡಿಗಳು ಸಿಕ್ಕಿಕೊಳ್ಳುತ್ತಿದ್ದವು. ಕಂದಕದ ಮೇಲೆ ಎತ್ತಿ ಇಳಿಸುವ ಮರದ ಸೇತುವೆ ಇದ್ದ ಕಡೆ ಯಾವಾಗಲೋ ಮಣ್ಣು ತುಂಬಿ ಗಾಡಿದಾರಿ ಮಾಡಿದ್ದರು. ಮೇಲಿನ ಕೆರೆಯ ಕೋಡಿಯಿಂದ ಒಂದು ಕಾಲುವೆ ಬಂದು ಕಂದಕಕ್ಕೆ ಬೀಳುತ್ತಿತ್ತು.

ಒಳಗೆ ಐವತ್ತು ಮನೆಗಳಿದ್ದರೆ ಹೆಚ್ಚು. ನಡುವೆ ಪಟಾಲಮ್ಮನ ಗುಡಿ, ಗುಡಿಯ ಮುಂದೆ ಮೆಟ್ಟಿಲು ಬಾವಿ. ಕಂದಕದ ನೀರು ದನಕ್ಕೆ ಮತ್ತು ಬಟ್ಟೆಗೆ, ಬಾವಿಯದು ಬಾಯಿಗೆ. ಬಾವಿಯಲ್ಲಿರುವುದು ಅಮ್ಮನ ಊಟೆ, ಭೂಮಿಯೊಳಗಿಂದ ಉಕ್ಕುವ ನೀರು ಎಂದು ಊರು ನಂಬಿತ್ತು. ಹಾಗಲ್ಲ ಎಂದು ತಿಳಿದಿದ್ದದ್ದು ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯ ಮನೆಯ ಹಿರಿಯನಿಗೆ ಮಾತ್ರ. ಆ ಹಿರಿಯ ಅಂಜಿನಯ್ಯ.

ಈಶಾನ್ಯದ ಕೊತ್ತಲದ ಬುಡದಲ್ಲಿ, ಕಂದಕದ ನೀರಿನೊಳಗೆ, ಕಲ್ಲುಕಟ್ಟಡದಲ್ಲಿ ಒಂದು ಕಿಂಡಿಯಿತ್ತು. ಅಲ್ಲಿಂದ ಗೋಡೆಯ ಅಡಿಯಲ್ಲಿ ಹಾಸುಗಲ್ಲಿನ ದೋಣಿ, ಮುಚ್ಚಿದ ಕಾಲುವೆ, ಬಾವಿಯ ತನಕ ಹರಿದಿತ್ತು. ದೋಣಿಯ ತುಂಬ ಮರಳು ಮತ್ತು ನೊರಜುಗಲ್ಲು. ಕೆಸರು ಅಲ್ಲೇ ಉಳಿದು ತಿಳಿನೀರು ಮಾತ್ರ ಒಳಗೆ ಬರುತ್ತಿತ್ತು. ಆ ಮನೆಯ ತಂದೆ ಮಗ ಅದನ್ನು ಕಳ್ಳತೂಬು ಎನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ಹಿಂದೆ ಒಂದು ದಂಡು ಬೇಸಿಗೆ ಪೂರ್ತಿ ಕೋಟೆಗೆ ಮುತ್ತಿಗೆ ಹಾಕಿ ಕೂತಿತ್ತಂತೆ. ಕಂದಕದ ಆಚೆ ದಂಡಿನ ಕುದುರೆಗಳು ಕುಡಿದ ನೀರನ್ನೇ ಈಚೆ ಕೋಟೆಯ ಹೆಂಗಸರು ಸೇದುತ್ತಿದ್ದರು. ಆಚೆಯವರಿಗೆ ಅದು ತಿಳಿದಿದ್ದರೆ ಸತ್ತ ದನ ತಂದು ಹಾಕಿದ್ದರೆ ಸಾಕಿತ್ತು, ಕೋಟೆ ಬಿದ್ದುಹೋಗುತ್ತಿತ್ತು. ತಿಳಿಯಲಿಲ್ಲ. ಅಂದಿನಿಂದ ಆ ಮನೆತನಕ್ಕೆ ಆಣೆ ಬಿತ್ತು: ತಂದೆ ಮಗನಿಗೆ ಹೇಳಬೇಕು, ಬೇರೆ ಯಾರಿಗೆ ಬಾಯಿ ಬಿಟ್ಟರೂ ಹೇಳಿದವನ ಮನೆಯ ದೀಪ ಆರುತ್ತದೆ.

ಉಗಾದಿಗೆ ಮುಂಚಿನ ಅಮಾವಾಸ್ಯೆಯಂದು ನೀರುಗಂಟಿ ಆ ಕೊತ್ತಲದ ಬುಡಕ್ಕೆ ಪರದೆ ಕಟ್ಟಿ ಪೂಜೆ ಮಾಡುತ್ತಿದ್ದ. ಪರದೆಯ ಹಿಂದೆ ಏನಿದೆ ಎಂದು ಯಾರೂ ಇಣುಕುತ್ತಿರಲಿಲ್ಲ. ಅಲ್ಲಿ ತಂದೆ ಮಗ ಸೇರಿ ದೋಣಿಯ ಬಾಯಿಯ ಮರಳು ಬದಲಿಸುತ್ತಿದ್ದರು. ಒಬ್ಬ ನೀರಿಗಿಳಿದು, ನೀರು ನಿಲ್ಲುವಂತೆ ಕಿಂಡಿಗೆ ಗುಂಡುಗಲ್ಲು ಕೂರಿಸಬೇಕು, ಇನ್ನೊಬ್ಬ ಮೇಲಿನಿಂದ ಕಲ್ಲಿಗೆ ಕಟ್ಟಿದ ಹಗ್ಗ ಹಿಡಿದಿರಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಅಂಜಿನಯ್ಯನ ಅಪ್ಪ ಸತ್ತ ಮೇಲೆ ಗುಂಡುಗಲ್ಲು ಅಲುಗಿರಲಿಲ್ಲ. ಅಂಜಿನಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಅಮಾವಾಸ್ಯೆಗೆ ಅವನೊಬ್ಬನೇ ಪರದೆ ಕಟ್ಟಿ, ಕಾಯಿ ಒಡೆದು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಎದ್ದು ಬರುತ್ತಿದ್ದ. ಉಳಿದ ದಿನಗಳಲ್ಲಿ ವಿಶ್ವವಿದ್ಯಾಲಯದ ಹೊಸ ಆವರಣದಲ್ಲಿ ಸಸಿಗಳಿಗೆ ನೀರು ಹಾಕುವ ದಿನಗೂಲಿ ಮಾಡುತ್ತಿದ್ದ. ಕೆರೆಯ ಕೆಳಗಿನ ಗದ್ದೆಗಳು ಮಾರಾಟವಾಗಿ, ನೀರು ಬಿಡಲು ನೀರುಗಂಟಿಯೇ ಬೇಡವಾಗಿದ್ದ.

ಗದ್ದೆಗಳನ್ನು ಕೊಂಡದ್ದು ಒಂದು ಮನೆ ಕಟ್ಟುವ ಸಂಘ. ಹಿಂದಿನ ಚಳಿಗಾಲದಲ್ಲಿ ಸಂಘದ ಮೇಸ್ತ್ರಿ ಮತ್ತು ಸರ್ವೆಯವನು ಕಂದಕದ ದಂಡೆಗೆ ಬಂದಿದ್ದರು. ಮೇಲಿನ ಬಡಾವಣೆಯಲ್ಲಿ ಆಗಲೇ ಮನೆಗಳು ಎದ್ದಿದ್ದವು. ಮೋರಿಯ ನೀರನ್ನು ಎತ್ತ ಬಿಡುವುದು ಎಂಬುದು ಅವರ ಯೋಚನೆ. ಅಂಗಡಿ ಇಟ್ಟುಕೊಂಡು ಊರಿನ ಯಜಮಾನಿಕೆಯನ್ನೂ ನೋಡುತ್ತಿದ್ದ ಕೃಷ್ಣಯ್ಯನನ್ನು ಕೇಳಿದರು.

"ಯಜಮಾನ್ರೇ, ಈ ನೀರು ಯಾರಾದ್ರೂ ಕುಡೀತಾರಾ?"

"ಇದನ್ನ ಕುಡಿಯೋಕೆ ನಾವೇನ್ ಎಮ್ಮೆಗಳಾ ಸ್ವಾಮಿ? ನಮ್ಮಮ್ಮನ ಬಾವಿ ಒಳಗೈತೆ."

ಮೇಸ್ತ್ರಿ ನಕ್ಕ. ಸರ್ವೆಯವನು ತನ್ನ ನಕ್ಷೆಯಲ್ಲಿ ಏನೋ ಗೀಚಿಕೊಂಡ. ಕೃಷ್ಣಯ್ಯನ ಪಕ್ಕದಲ್ಲಿ ಅಂಜಿನಯ್ಯ ನಿಂತಿದ್ದ. ಬಾಯಿ ತೆರೆಯಲಿಲ್ಲ. ಅವನಿಗೆ ಅದು ಆಣೆ ಉಳಿಸಿಕೊಂಡ ಸಮಾಧಾನದಂತೆಯೇ ಕಂಡಿತ್ತು. ಮೋರಿಯ ನೀರಾದರೇನು, ಮರಳು ಸೋಸುತ್ತದೆ ಎಂದುಕೊಂಡ. ಮುಂಗಾರು ಬರುವಷ್ಟರಲ್ಲಿ ಕೆರೆಯ ಕಾಲುವೆಗೆ ಮೋರಿ ಸೇರಿತ್ತು. ಮಳೆ ಹಿಡಿದ ಮೇಲೆ ಬಡಾವಣೆಯ ಕಕ್ಕಸುಗುಂಡಿಗಳು ತುಂಬಿ ಉಕ್ಕಿದವು.

ಮೊದಲು ಮಲಗಿದ್ದು ಕೃಷ್ಣಯ್ಯನ ತಾಯಿ. ಬೆಳಿಗ್ಗೆ ವಾಂತಿಭೇದಿ ಶುರುವಾದ ಮುದುಕಿ ಸಂಜೆಗೆ ಹೋದಳು. ವಯಸ್ಸಾಗಿತ್ತು ಎಂದರು. ಮಾರನೆಯ ದಿನ ಕೆಳಗಿನ ಬೀದಿಯಲ್ಲಿ ಎರಡು ಮಕ್ಕಳು ಮಲಗಿದವು. ಮೂರನೆಯ ದಿನ ಹೆಲ್ತ್ ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪ ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪುಡಿಯ ಡಬ್ಬ ಕಟ್ಟಿಕೊಂಡು ಬಸವೇಶ್ವರನಗರದಿಂದ ಬಂದ. ಐವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಪುಡಿ ಕಲಸಿ ಬಾವಿಗೆ ಸುರಿಸಿದ. ಹೆಂಗಸರು ಮೂಗು ಮುಚ್ಚಿಕೊಂಡು ಬೈದರು. ಕುಡಿಯುವ ನೀರನ್ನು ಕುದಿಯುವ ತನಕ ಕಾಯಿಸಬೇಕೆಂದು ಗುಡಿಯ ಕಟ್ಟೆಯ ಮೇಲೆ ನಿಂತು ಎರಡೆರಡು ಸಲ ಹೇಳಿ ಹೋದ.

ಮಾರನೆಯ ದಿನ ಮತ್ತೆ ಬಂದ. ಬಾವಿಗಿಳಿದು ನೀರು ಮೂಸಿದ. ಸೀದಾ ಅಂಜಿನಯ್ಯನ ಹತ್ತಿರ ಬಂದ.

"ನೀನೇ ಅಲ್ವೇನಯ್ಯಾ ನೀರುಗಂಟಿ? ನಿನ್ನೆ ಹಾಕಿದ ಪುಡಿ ವಾಸನೆ ಇವತ್ತು ಇಲ್ಲವೇ ಇಲ್ಲ. ನಿಂತ ನೀರಾದ್ರೆ ಹೀಗಾಗಲ್ಲ. ಈ ಬಾವಿಗೆ ಎಲ್ಲಿಂದ ನೀರು ಬರ್ತಿದೆ?"

"ಊಟೆ ಸಾರ್."

"ಊಟೆ ಅಂತ ಊರೆಲ್ಲ ಹೇಳ್ತಾರೆ. ನಾನು ನಿನ್ನ ಕೇಳ್ತಿದೀನಿ."

"ಅಮ್ಮನ ಊಟೆ ಸಾರ್. ನಮ್ಮ ತಾತನ ಕಾಲದಿಂದ್ಲೂ."

ಶಂಭುಲಿಂಗಪ್ಪ ಅವನ ಮುಖವನ್ನೇ ನೋಡಿದ. "ಸರಿ. ನಾಳೆ ಬಣ್ಣದ ಪುಡಿ ತರ್ತೀನಿ. ಆ ಕಂದಕಕ್ಕೆ ಹಾಕಿ ನೋಡ್ತೀನಿ. ಇವತ್ತೇ ಗೊತ್ತಾಗಿದ್ರೆ ಒಂದು ದಿನ ಉಳೀತಿತ್ತು" ಎಂದು ಸೈಕಲ್ ಹತ್ತಿದ.

ಅಂಜಿನಯ್ಯ ಮನೆಗೆ ಹೋಗಿ ಹೆಂಡತಿಗೆ ಹೇಳಿದ: "ಪುಟ್ಟಿಗೆ ಕಾಯಿಸಿದ ನೀರು ಕೊಡೇ."

ಒಲೆಯ ಮುಂದಿದ್ದ ಮುನಿತಾಯಮ್ಮ ತಿರುಗಿ ನೋಡಿದಳು. "ಬುದ್ಧಿ ನೆಟ್ಟಗೈತಾ ನಿನಗೆ? ಕಾಯಿಸಿದ ನೀರು ಕೊಡೋದು ಬಾಣಂತಿಗೆ. ಇವಳಿನ್ನೂ ಬಸುರಿ. ಈಗಲೇ ಬಾಣಂತಿ ನೀರು ಕುಡಿಸಿ ಹೊಟ್ಟೇಲಿರೋದಕ್ಕೆ ಕೇಡು ತರೋಣ ಅಂತೀಯಾ?"

"ಇನ್‌ಸ್ಪೆಕ್ಟ್ರು ಹೇಳವ್ರೆ."

"ಇನ್‌ಸ್ಪೆಕ್ಟ್ರು ಹೆತ್ತವ್ರಾ? ಅಮ್ಮನ ನೀರು ಕುಡಿದು ನಾನು ನಾಲ್ಕು ಹೆತ್ತೆ."

"ಉಳಿದಿದ್ದು ಒಂದು" ಎಂದ ಅಂಜಿನಯ್ಯ. ಅಂದ ಮೇಲೆ ಯಾಕಾದರೂ ಅಂದೆನೋ ಎನಿಸಿತು. ಮುನಿತಾಯಮ್ಮ ಒಲೆಯ ಕಡೆ ತಿರುಗಿಕೊಂಡಳು. ಕಾಯಿಸಬೇಕಾದದ್ದು ಯಾಕೆ ಎಂದು ಹೇಳಿದ್ದರೆ ಅವಳು ಕಾಯಿಸುತ್ತಿದ್ದಳು. ಅದೊಂದನ್ನೇ ಅವನು ಹೇಳುವ ಹಾಗಿರಲಿಲ್ಲ.

ಆಣೆ ಇದ್ದದ್ದು ಹೇಳುವುದರ ಮೇಲೆ, ಮುಚ್ಚುವುದರ ಮೇಲಲ್ಲ. ಮಧ್ಯಾಹ್ನ ಗಂಡಸರು ಕೆಲಸಕ್ಕೂ ಹೆಂಗಸರು ನಿದ್ದೆಗೂ ಹೋದ ಹೊತ್ತಿನಲ್ಲಿ ಅಂಜಿನಯ್ಯ ಈಶಾನ್ಯದ ಕೊತ್ತಲಕ್ಕೆ ಹೋದ. ಹಗ್ಗದ ಒಂದು ತುದಿಯನ್ನು ಗೋಡೆಯ ಮೇಲೆ ಬೆಳೆದಿದ್ದ ಅರಳಿಯ ಬುಡಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಕಂದಕಕ್ಕೆ ಇಳಿದ. ಎದೆಮಟ್ಟದ ನೀರು. ಮೇಲೆ ನೊರೆ, ತರಕಾರಿ ಸಿಪ್ಪೆ, ಯಾರದೋ ಹರಿದ ರಬ್ಬರ್ ಚಪ್ಪಲಿ. ಉಸಿರು ಕಟ್ಟಿ ಮುಳುಗಿ ತಡವಿದಾಗ ಗುಂಡುಗಲ್ಲು ಸಿಕ್ಕಿತು. ಇಷ್ಟು ವರ್ಷಗಳ ಹೂಳು ಅದನ್ನು ಅರ್ಧ ನುಂಗಿತ್ತು. ಕೈಯಿಂದ ಕೆಸರು ತೋಡಿದ. ಕಲ್ಲಿನ ತಲೆ ಅಲುಗಿತು. ಎತ್ತಿ ಹಿಡಿದರೆ ಕಿಂಡಿಗೆ ತಿರುಗಿಸಲು ಕೈ ಸಾಲದು, ತಿರುಗಿಸಹೋದರೆ ಜಾರಿ ಬೀಳುತ್ತಿತ್ತು. ಮೇಲೆ ಹಗ್ಗ ಹಿಡಿಯುವವನೊಬ್ಬ ಇದ್ದಿದ್ದರೆ ಆಗುತ್ತಿತ್ತು. ಎಷ್ಟು ಸಲ ಮುಳುಗಿದನೋ, ಕೊನೆಗೆ ಕಲ್ಲು ಕೈತಪ್ಪಿ ಅವನ ಪಾದದ ಮೇಲೆ ಬಿದ್ದು ಕೆಸರಿಗೆ ಸರಿಯಿತು. ದಂಡೆಗೆ ಬಂದು ಕೂತಾಗ ಹೆಬ್ಬೆರಳ ಉಗುರು ಎದ್ದಿತ್ತು.

ಕುಂಟುತ್ತ ಮನೆಗೆ ಬಂದಾಗ ಪುಟ್ಟಲಕ್ಷ್ಮಿ ಹಿತ್ತಲ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು.

"ಬಸುರಿ ವಾಂತಿ" ಎಂದಳು ಮುನಿತಾಯಮ್ಮ. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ. ಸಂಜೆಯೊಳಗೆ ಮಗಳಿಗೆ ಎದ್ದು ಹೊರಗೆ ಹೋಗುವ ಶಕ್ತಿ ಉಳಿಯಲಿಲ್ಲ. ಕಣ್ಣು ಗುಳಿಬಿದ್ದಿತು. "ಅಪ್ಪಾ, ನೀರು" ಎಂದಳು. ಮುನಿತಾಯಮ್ಮ ಬಿಂದಿಗೆಯಿಂದ ಲೋಟ ತುಂಬಿಸಿ ತಂದಳು. ಅಂಜಿನಯ್ಯ ಅದನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದ.

"ಬೇಡ ಕಣೇ! ಅದು ಊಟೆ ಅಲ್ಲ. ಕಂದಕದ ನೀರು. ಮೋರಿ ನೀರು!"

ಅಂಗಳದಲ್ಲಿ ಅಂಜನಮ್ಮ ಇದ್ದಳು, ಇನ್ನಿಬ್ಬರು ಹೆಂಗಸರಿದ್ದರು. ಮೂವರಿಗೂ ಕೇಳಿಸಿತು. ಅಂಜಿನಯ್ಯ ಹೆಗಲಿಗೆ ಟವೆಲು ಹಾಕಿಕೊಂಡು, ಆ ಕಾಲಿನಲ್ಲೇ ಬಸವೇಶ್ವರನಗರದ ದಾರಿ ಹಿಡಿದ.

ಶಂಭುಲಿಂಗಪ್ಪ ಬಾಡಿಗೆ ಮನೆಯ ಮುಂದೆ ಸೈಕಲ್ ಒರೆಸುತ್ತಿದ್ದ. ಅಂಜಿನಯ್ಯ ಗೇಟಿನ ಹೊರಗೇ ನಿಂತು, ಕಿಂಡಿ, ದೋಣಿ, ಮರಳು, ಮೇಸ್ತ್ರಿ ಬಂದು ಕೇಳಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮಗಳ ವಿಷಯವನ್ನು ಕೊನೆಗೆ ಹೇಳಿದ.

ಶಂಭುಲಿಂಗಪ್ಪನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. "ಇದನ್ನ ಮೇಸ್ತ್ರಿ ಬಂದಾಗ ಯಾಕಯ್ಯ ಹೇಳಲಿಲ್ಲ?"

"ಹೊರಗಿನವರಿಗೆ ಹೇಳಬಾರ್ದು ಸಾರ್. ಗೊತ್ತಾದ್ರೆ ನೀರಿಗೆ ವಿಷ ಹಾಕ್ತಾರೆ ಅಂತ ಆಣೆ."

"ಗೊತ್ತಿದ್ದಿದ್ರೆ ಹಾಕ್ತಿರಲಿಲ್ಲ ಕಣಯ್ಯ" ಎಂದ ಶಂಭುಲಿಂಗಪ್ಪ. "ಗೊತ್ತಿಲ್ಲದೇ ಹಾಕಿದಾರೆ."

ಪಕ್ಕದ ಕ್ಲಿನಿಕ್ಕಿನಿಂದ ಫೋನ್ ಮಾಡಿ ಸೋಂಕು ರೋಗದ ಆಸ್ಪತ್ರೆಯ ವ್ಯಾನ್ ಕರೆಸಿದ. ವ್ಯಾನು ಕಂದಕದ ಗಾಡಿದಾರಿಯ ತನಕ ಬಂದು ನಿಂತಿತು. ಹೆಬ್ಬಾಗಿಲಿನ ತಿರುವಿನಲ್ಲಿ ಅದು ಹೋಗುವಂತಿರಲಿಲ್ಲ. ಪುಟ್ಟಲಕ್ಷ್ಮಿಯನ್ನು ಹಗ್ಗದ ಮಂಚದ ಮೇಲೆ ಮಲಗಿಸಿ ನಾಲ್ವರು ಹೊತ್ತು ತಂದರು. ಮೊದಲ ತಿರುವಿನಲ್ಲಿ ಮಂಚದ ಕಾಲು ಗೋಡೆಗೆ ಬಡಿಯಿತು. ಎರಡನೆಯದರಲ್ಲಿ ಮಂಚವನ್ನು ಓರೆ ಮಾಡಬೇಕಾಗಿ, ಅಂಜಿನಯ್ಯ ಮಗಳು ಜಾರದಂತೆ ಎರಡೂ ಕೈಯಿಂದ ತಬ್ಬಿ ಹಿಡಿದ. ಅವಳ ಮೈ ತಣ್ಣಗಿತ್ತು. "ಕೆಂಗೇರಿಗೆ ಹೇಳಿಕಳಿಸು ಅಪ್ಪ" ಎಂದಳು. ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ರಾತ್ರಿಯಿಡೀ ಗ್ಲೂಕೋಸ್ ಏರಿಸಿದರು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಬೆಳಗಾಗುವ ಮುಂಚೆ ಅವಳೂ ಹೋದಳು. ಕೆಂಗೇರಿಯ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ಅಳಿಯ ಹನುಮಂತಯ್ಯ ಬಂದಾಗ ಮುಖ ನೋಡುವುದಷ್ಟೇ ಉಳಿದಿತ್ತು.

ಅದೇ ದಿನ ಶಂಭುಲಿಂಗಪ್ಪ ಇಬ್ಬರು ಗಾರೆಯವರನ್ನು ಕರೆದುಕೊಂಡು ಬಂದು, ಬಾವಿಯ ಒಳಗಿನಿಂದ ಈಶಾನ್ಯ ಮೂಲೆಯ ಕಲ್ಲುಸಂದಿಗೆ ಸಿಮೆಂಟು ಹಾಕಿಸಿದ. ಕೆಳಗಿನ ಬೀದಿಯ ಮಕ್ಕಳಲ್ಲಿ ಒಂದು ಉಳಿಯಿತು. ಅಲ್ಲಿಂದ ಮುಂದೆ ಯಾರೂ ಮಲಗಲಿಲ್ಲ.

ಊರು ಲೆಕ್ಕ ಹಾಕಿದ್ದೇ ಬೇರೆ ರೀತಿ. ಅಂಜಿನಯ್ಯ ಬಾಯಿಬಿಟ್ಟದ್ದು ಸಂಜೆ, ಮಗಳು ಹೋದದ್ದು ಬೆಳಗಿನ ಜಾವ. ಹೇಳಿದವನ ಮನೆಯ ದೀಪ ಆರಿತು. ಆಣೆಯ ಸುದ್ದಿ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಅಂಜಿನಯ್ಯನ ಬಾಯಿಂದಲೇ ಗೊತ್ತಾದ ದಿನವೇ ಎಲ್ಲರೂ ಅದನ್ನು ನಂಬಿದರು. ಮರಳು ಬದಲಿಸದೆ ಬಿಟ್ಟದ್ದು, ಮೇಸ್ತ್ರಿಯ ಮುಂದೆ ಸುಮ್ಮನಿದ್ದದ್ದು, ಇನ್‌ಸ್ಪೆಕ್ಟರಿಗೆ ಸುಳ್ಳು ಹೇಳಿದ್ದು, ಇವು ಯಾವುವೂ ಯಾರ ಮಾತಿನಲ್ಲೂ ಬರಲಿಲ್ಲ. ಅವನ್ನು ಎಣಿಸುತ್ತಿದ್ದವನು ಅಂಜಿನಯ್ಯ ಒಬ್ಬನೇ.

ತಿಥಿ ಕಳೆದ ಮೇಲೆ ಒಂದು ದಿನ ಕೃಷ್ಣಯ್ಯ ಅಂಗಡಿಯ ಮುಂದೆ ಅವನನ್ನು ನಿಲ್ಲಿಸಿದ. "ಅಲ್ಲಯ್ಯ, ಇಷ್ಟು ತಲೆಮಾರು ಬಾಯಿ ಮುಚ್ಕೊಂಡಿದ್ರಲ್ಲ, ಇನ್ನೊಂದು ತಲೆಮಾರು ಇರಕ್ಕಾಗ್ತಿರ್ಲಿಲ್ವಾ?"

"ಇನ್ನೊಂದು ತಲೆಮಾರು ಎಲ್ಲಿತ್ತು ಯಜಮಾನ್ರೇ?" ಎಂದು ಅಂಜಿನಯ್ಯ ಮುಂದೆ ಹೋದ.

ಮನೆಯಲ್ಲಿ ಮುನಿತಾಯಮ್ಮ ಅವನಿಗೆ ಊಟ ಬಡಿಸುತ್ತಿದ್ದಳು, ನೀರು ಇಡುತ್ತಿರಲಿಲ್ಲ. ಅವನೇ ಎದ್ದು ತೆಗೆದುಕೊಳ್ಳುತ್ತಿದ್ದ. ಒಮ್ಮೆ ಮಾತ್ರ ಕೇಳಿದಳು: "ಕಾಯಿಸು ಅಂದ್ಯಲ್ಲ ಆವತ್ತು, ಯಾಕೆ ಅಂತ ನನಗೊಬ್ಬಳಿಗೆ ಹೇಳಿದ್ದಿದ್ರೆ?" ಉತ್ತರಕ್ಕೆ ಕಾಯದೆ ಒಲೆಯ ಕಡೆ ಹೋದಳು.

ತೂಬು ಮುಚ್ಚಿದ ಮೇಲೆ ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಶ್ರಾವಣ ಮುಗಿಯುವ ಹೊತ್ತಿಗೆ ತಳದ ಹಾಸುಗಲ್ಲು ಬರಿದಾಯಿತು. ಅಲ್ಲಿ ಊಟೆ ಇರಲೇ ಇಲ್ಲ. ತಳದಲ್ಲಿ ಹೆಂಗಸರು ಹರಕೆಗೆ ಹಾಕಿದ್ದ ಬಳೆಗಳು, ಕಾಸುಗಳು, ಒಂದು ಹಿತ್ತಾಳೆಯ ಚೊಂಬು ಸಿಕ್ಕವು. ಮುತ್ತಿಗೆಯಲ್ಲೂ ಬತ್ತದ ಬಾವಿ ಬತ್ತಿತು. ಹೆಂಗಸರು ಬಡಾವಣೆಯ ಬೀದಿ ನಲ್ಲಿಗೆ ಹೋಗಿ ಅಲ್ಲಿನವರಿಂದ ಮಾತು ಕೇಳಿ ಒಂದೊಂದು ಕೊಡ ತಂದರು. ನಲ್ಲಿ ಬೇಕೆಂದು ಊರು ಕೊಟ್ಟ ಅರ್ಜಿಗೆ, ನಗರದ ಎಲ್ಲೆಯ ಹೊರಗಿನ ಊರಿಗೆ ಕೊಳವೆ ಹಾಕುವಂತಿಲ್ಲ ಎಂಬ ಉತ್ತರ ಬಂತು. ಹೊಲ ಹೋದರೂ ಕೋಟೆಯೊಳಗೆ ಉಳಿದಿದ್ದ ಜನ ನೀರು ಹೋದ ಮೇಲೆ ಉಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಅರ್ಧ ಊರು ಮನೆಗಳನ್ನು ಸಂಘಕ್ಕೆ ಬರೆದುಕೊಟ್ಟಿತ್ತು. ಕೃಷ್ಣಯ್ಯ ಬಡಾವಣೆಯ ಮೂಲೆಯಲ್ಲಿ ಹೊಸ ಅಂಗಡಿ ತೆರೆದ.

ಪಟಾಲಮ್ಮನ ವಿಗ್ರಹವನ್ನು ಉಲ್ಲಾಳದ ಕಡೆ ಒಂದು ತೋಪಿಗೆ ಒಯ್ದರು. ಮೆರವಣಿಗೆಗೆ ಅಂಜಿನಯ್ಯನನ್ನು ಕರೆಯಲಿಲ್ಲ. ಅವನು ಆ ದಿನವೂ ಸಸಿಗಳಿಗೆ ನೀರು ಹಾಕಿ, ಹೊತ್ತು ಮುಳುಗುವ ಮುಂಚೆ ಮನೆಗೆ ಬಂದ. ಬಾವಿಯ ಕಡೆ ಹೋಗಿ ಮೇಲಿನ ಮೆಟ್ಟಿಲಿನಲ್ಲಿ ಕೂತ. ಪಾಚಿ ಒಣಗಿ ಸುಲಿದು ಬಂದಿತ್ತು, ಉಜ್ಜುವುದಕ್ಕೆ ಏನೂ ಇರಲಿಲ್ಲ.

ಮುಂದಿನ ವರ್ಷ ಉಗಾದಿಗೆ ಮುಂಚಿನ ಅಮಾವಾಸ್ಯೆಯಂದು ಕೊತ್ತಲದ ಬುಡಕ್ಕೆ ಯಾರೂ ಪರದೆ ಕಟ್ಟಲಿಲ್ಲ. ಹಬ್ಬ ಕಳೆದ ವಾರಕ್ಕೆ ಸಂಘದವರು ಬುಲ್ಡೋಜರ್ ತಂದು ಗೋಡೆಯ ಮಣ್ಣನ್ನು ಕಂದಕಕ್ಕೆ ತಳ್ಳತೊಡಗಿದರು. ಕೆಲಸ ಈಶಾನ್ಯದ ಮೂಲೆಯಿಂದ ಶುರುವಾಯಿತು.